ತಿಗಣೆ ವಾಸನೆಯ ಬೇರು

ಮಾಕಳಿ ಬೇರು ಅಂತ ಒಂದಿದೆ. ತಿಂದವರಿಗೆ ಗೊತ್ತು. ತಿನ್ನದವರಿಗೆ ಎಷ್ಟು ಹೇಳಿದರೂ ಅಷ್ಟೇ, ಆದರೂ ಹೇಳುತ್ತೇನೆ. ಬೆಟ್ಟದ ಮೇಲೆ ಬಂಡೆಗಳ ಸಂದಿಯಲ್ಲಿ ಹಬ್ಬುವ ಒಂದು ಬಳ್ಳಿಯ ಬೇರು ಅದು. ಹೆಬ್ಬೆರಳಿನಷ್ಟು ದಪ್ಪ, ಮೇಲೆ ಕಂದು ಸಿಪ್ಪೆ, ಒಳಗೆ ಬಿಳಿ, ನಡುವೆ ಕಡ್ಡಿಯಂಥ ಗಟ್ಟಿ ನಾರು. ನೀರಲ್ಲಿ ನೆನೆಸಿ, ಸಿಪ್ಪೆ ಹೆರೆದು, ನಡುವಿನ ಕಡ್ಡಿ ತೆಗೆದು, ಸಣ್ಣಗೆ ಹೆಚ್ಚಿ, ಹುಳಿ ಮೊಸರಿಗೆ ಸಾಸಿವೆ, ಉಪ್ಪು, ಖಾರ ಅರೆದು ಸೇರಿಸಿ ಅದರಲ್ಲಿ ಹಾಕಿಡಬೇಕು. ಆಮೇಲೆ ಮೊಸರನ್ನಕ್ಕೆ ಬೇರೇನೂ ಬೇಡ. ಬಾಯಿಗೆ ತಂಪು. ವಾಸನೆ ಮಾತ್ರ ತಿಗಣೆಯದು. ತಿಗಣೆ ಹೊಸಕಿದರೆ ಬರುತ್ತದಲ್ಲ, ಅದೇ. ಇದರಲ್ಲಿ ಮುಚ್ಚಿಡುವುದು ಏನೂ ಇಲ್ಲ.

ಮದುವೆಯಾಗಿ ಅಗ್ರಹಾರದ ಈ ಮನೆಗೆ ಬಂದಾಗ ನನಗೂ ಇದು ಗೊತ್ತಿರಲಿಲ್ಲ. ನಮ್ಮ ತಾಯಿಮನೆಯಲ್ಲಿ ರಾಗಿ, ಹುರುಳಿ, ಹೊಲದಂಚಿನ ಸೊಪ್ಪು, ಅಷ್ಟೇ. ಇಲ್ಲಿ ಮಾವನವರದು ಗ್ರಂಧಿಗೆ ಅಂಗಡಿ. ಪೂಜೆಯ ಸಾಮಾನು, ಬೇರು, ತೊಗಟೆ, ಒಣಗಿದ ಕಾಯಿ ಎಲ್ಲಾ ಮಾರುತ್ತಿದ್ದರು. ಅಂಗಡಿಯಲ್ಲಿ ಮಾರಾಟವಾಗದೆ ಉಳಿದದ್ದು ನಮ್ಮ ಅಡುಗೆಮನೆಗೆ ಬರುತ್ತಿತ್ತು. ಅಂಗಡಿಗೆ ಸೇರದ್ದನ್ನು ಅತ್ತೆಯೇ ಹುಡುಕಿ ತರುತ್ತಿದ್ದರು. ಕಿತ್ತಳೆ ಸಿಪ್ಪೆಯ ಗೊಜ್ಜು, ಹೊಟ್ಟೆ ಕೆಟ್ಟರೆ ದಾಳಿಂಬೆ ಸಿಪ್ಪೆಯ ತಂಬುಳಿ, ಹೀರೇಕಾಯಿ ಸಿಪ್ಪೆಯ ಚಟ್ನಿ, ಒಣಗಿಸಿದ ಸುಂಡೆಕಾಯಿಯನ್ನು ತುಪ್ಪದಲ್ಲಿ ಕರಿದು ಸಾರಿಗೆ. ಸಾಂಬಾರ ಪುಡಿಗೆ ಕಲ್ಲುಹೂವು ಹಾಕುವುದನ್ನು ಮೊದಲ ಸಲ ಕಂಡಾಗ ಬಂಡೆಯ ಪಾಚಿ ಹುರಿಯುತ್ತಿದ್ದಾರೆ ಅಂದುಕೊಂಡೆ. ಬಾಯಿಬಿಟ್ಟು ಅಂದೂಬಿಟ್ಟೆ.

"ಪಾಚೀನೇ ಕಣೆ," ಅಂದರು ಅತ್ತೆ. "ನಿಮ್ಮಪ್ಪನ ಮನೇಲಿ ಬರೀ ಬಂಡೆ ನೋಡಿದ್ದೆ, ಇಲ್ಲಿ ಅದರ ಹೂವು ತಿನ್ನು."

ಅವರ ನಾಲಗೆ ಹಾಗೆಯೇ. ಒಳ್ಳೆಯ ಮಾತು ಆಡಿದ್ದು ಕಡಿಮೆ. ಕೈ ಮಾತ್ರ ಒಳ್ಳೆಯದು. ಏನನ್ನಾದರೂ ಬಿಸಾಕಲು ಹೋದರೆ ಕೈ ಹಿಡಿದು, "ಒಂದ್ಸಲ ಬಾಯಿಗೆ ಹಾಕ್ಕೊಂಡು ನೋಡು, ಆಮೇಲೆ ಬಿಸಾಕು" ಅನ್ನುತ್ತಿದ್ದರು. ಹಾಗೆ ಬಾಯಿಗೆ ಹಾಕಿಕೊಂಡೇ ನಾನು ಮಾಕಳಿ ಬೇರು ಕಲಿತದ್ದು. ಮೊದಲ ತುತ್ತಿಗೆ ಉಗುಳಿದೆ. ಎರಡನೇ ದಿನ ಸುಮ್ಮನೆ ನುಂಗಿದೆ. ಆಮೇಲೆ ಭರಣಿ ಖಾಲಿಯಾದರೆ ಅತ್ತೆಗಿಂತ ಮೊದಲು ನಾನೇ ಕೇಳುತ್ತಿದ್ದೆ.

ಅತ್ತೆ ಹೋದರು, ಯಜಮಾನರೂ ಹೋದರು. ಅಂಗಡಿಯಲ್ಲಿ ಈಗ ಮೊಬೈಲು ರಿಪೇರಿ ಮಾಡುವವರು ಬಾಡಿಗೆಗಿದ್ದಾರೆ. ಮಗ ಮೇಷ್ಟ್ರು. ಸೊಸೆ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಅವರಿಗೊಬ್ಬಳು ಮಗಳು. ನಾವು ನಾಲ್ವರೂ ಒಟ್ಟಿಗಿದ್ದೇವೆ, ಜಗಳ ಬೇಕಾದಷ್ಟಿದೆ, ಚೆನ್ನಾಗಿದ್ದೇವೆ. ಚಳಿಗಾಲ ಬಂದರೆ ಮಾರ್ಕೆಟ್ಟಿಗೆ ಬೆಟ್ಟದ ಕಡೆಯ ಹೆಂಗಸೊಬ್ಬಳು ಬೇರಿನ ಕಟ್ಟು ತರುತ್ತಾಳೆ. ಅವಳು ಯಾವತ್ತು ಬರುತ್ತಾಳೆ ಅಂತ ಅವಳಿಗೇ ಗೊತ್ತಿರುವುದಿಲ್ಲ. ಕಂಡ ದಿನ ಕೊಳ್ಳಬೇಕು. ಕೊಂಡ ಮೇಲೆ ನೆನೆಸಬೇಕು. ನೆನೆಸಿದ ಮೇಲೆ ಹೆಚ್ಚಲೇಬೇಕು, ಬಿಟ್ಟರೆ ಲೋಳೆಯಾಗಿ ಕೆಡುತ್ತದೆ. ಬೇರು ನಮಗಾಗಿ ಕಾಯುವುದಿಲ್ಲ.

ಈಗ ನಡೆದದ್ದು ಹೇಳುತ್ತೇನೆ. ಹೋದ ವರ್ಷದ ಮಾತು.

ಮೊಮ್ಮಗಳು ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಅಲ್ಲೇ ಕೆಲಸ ಮಾಡುವ ಹುಡುಗನನ್ನು ಒಪ್ಪಿಕೊಂಡಳು. ಮನೆಗೆ ಕರೆದುಕೊಂಡು ಬಂದು ತೋರಿಸಿದಳು. ಮಗ ಅವನ ಸಂಬಳ, ಓದು ವಿಚಾರಿಸಿದ. ನಾನು ಊಟಕ್ಕೆ ಹಾಕಿದೆ. ಎಲೆಯಲ್ಲಿ ಕರಿಬೇವು ಬಿಟ್ಟು ಏನನ್ನೂ ಬಿಡದೆ ತಿಂದ. ನನಗೆ ಅಷ್ಟು ಸಾಕಾಯಿತು. ಅವನ ತಂದೆ ತಾಯಿ ಉಡುಪಿ ಕಡೆಯವರು, ತಂದೆ ಕಾರ್ಖಾನೆಯ ಕೆಲಸಕ್ಕೆ ಅಂತ ಬಂದು ಹೂಟಗಳ್ಳಿಯಲ್ಲೇ ನಿಂತವರು. ಅವರು ಬಂದು ನಮ್ಮ ಮನೆ ನೋಡಬೇಕು, ಆಮೇಲೆ ಮಾತು ಅಂತ ಆಯಿತು. ಹುಡುಗಿ ಬಾಯಲ್ಲಿ ಏನೂ ಹೇಳುತ್ತಿರಲಿಲ್ಲ. ಆದರೆ ಆ ವಾರವೆಲ್ಲಾ ಕಿಟಕಿ ಒರೆಸಿದ್ದೇ ಒರೆಸಿದ್ದು. ಅವಳಿಗೆ ಅವನೇ ಬೇಕು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಬರುವ ಭಾನುವಾರ ಬರುತ್ತೇವೆ ಅಂದಿದ್ದವರು, ಹುಡುಗನ ಶಿಫ್ಟು ಬದಲಾಯಿತು ಅಂತ ಅದರ ಹಿಂದಿನ ಭಾನುವಾರವೇ ಬೆಳಿಗ್ಗೆ ಫೋನ್ ಮಾಡಿ, ಇವತ್ತೇ ಮಧ್ಯಾಹ್ನ ಬರುತ್ತೇವೆ ಅಂದುಬಿಟ್ಟರು. ನಾನು ಆಗ ಹಿತ್ತಿಲ ಕಟ್ಟೆಯ ಮೇಲೆ ಈಳಿಗೆಮಣೆ ಇಟ್ಟುಕೊಂಡು ಕೂತಿದ್ದೆ. ಪಕ್ಕದಲ್ಲಿ ಬೇಸಿನ್ನಿನ ತುಂಬ ಬೇರು, ಅರ್ಧ ಹೆಚ್ಚಿದ್ದು, ಅರ್ಧ ಹೆಚ್ಚದ್ದು.

"ಅತ್ತೆ, ಇವತ್ತೇ ಬೇಕಿತ್ತಾ ನಿಮಗೆ ಇದು?" ಅಂದಳು ಸೊಸೆ.

"ಅವ್ರು ಇವತ್ತೇ ಬರ್ಬೇಕಿತ್ತಾ? ನೆನೆಸ್ಬುಟ್ಟಿದೀನಿ ಕಣೆ."

"ಎತ್ತಿಡಿ ಅತ್ತೆ, ದಮ್ಮಯ್ಯ. ಹಿತ್ತಿಲು ನೋಡ್ತೀವಿ ಅಂದ್ರೆ ಏನ್ಮಾಡೋದು?"

ಎತ್ತಿಡುವುದಕ್ಕೆ ಅಡುಗೆಮನೆಯಲ್ಲಿ ಜಾಗವಿಲ್ಲ. ಒಲೆಯ ಮೇಲೆ ಕೇಸರಿಬಾತು, ನೆಲದ ಮೇಲೆ ಬೋಂಡದ ಹಿಟ್ಟು. ಮಗ ಬಾಗಿಲಲ್ಲಿ ನಿಂತಿದ್ದವನು ಓಡಿಬಂದ. "ಅಮ್ಮ, ಗಾಡಿ ಬೀದಿ ತಿರುವಿಗೆ ಬಂದ್ಬುಡ್ತು, ಏಳಮ್ಮ" ಅಂತ ಬೇಸಿನ್ನನ್ನು ತಾನೇ ಎತ್ತಿಕೊಂಡ. ಮೇಲೊಂದು ಟವೆಲು ಮುಚ್ಚಿ, ನಡುಮನೆಗೆ ಹೋಗಿ, ಅಲ್ಲಿದ್ದ ದಿವಾನದ ಕೆಳಗೆ ತಳ್ಳಿದ. ಮೇಲೆ ಹೊಸ ಹೊದಿಕೆ ನೆಲದವರೆಗೆ ಇಳಿಬಿದ್ದಿತ್ತು. ಏನೂ ಕಾಣಲಿಲ್ಲ. ಓದಿದವನು, ಕಣ್ಣಿಗೆ ಕಾಣದಿದ್ದರೆ ಆಯಿತು ಅಂದುಕೊಂಡ. ನಮಗೂ ಹೊಳೆಯಲಿಲ್ಲ. ಆ ವಾಸನೆಯಲ್ಲೇ ಬದುಕಿದವರು ನಾವು, ನಮ್ಮ ಮೂಗಿಗೆ ಅದು ಹತ್ತುವುದೇ ಇಲ್ಲ.

ಬಂದವರನ್ನು ಆ ದಿವಾನದ ಮೇಲೆಯೇ ಕೂರಿಸಿದೆವು. ಮನೆಯಲ್ಲಿ ಅದೇ ಒಳ್ಳೆಯ ಜಾಗ.

ಹುಡುಗನ ತಾಯಿ ತೆಳ್ಳಗಿನ ಹೆಂಗಸು, ಮುಖ ಚೊಕ್ಕ, ಸೀರೆ ಚೊಕ್ಕ. ಕೂತು ಎರಡು ಮಾತಾಡುವಷ್ಟರಲ್ಲಿ ಮಾತು ನಿಲ್ಲಿಸಿದರು. ಮೂಗು ಒಂದು ಸಲ ಎಳೆದರು. ಸ್ವಲ್ಪ ಮುಂದಕ್ಕೆ ಜರುಗಿದರು. ಆಮೇಲೆ ಇನ್ನೂ ಸ್ವಲ್ಪ. ಸೆರಗನ್ನು ಮಡಿಲಿಗೆ ಎಳೆದುಕೊಂಡರು. ಮಾತಿನ ನಡುವೆ ದಿವಾನದ ಹೊದಿಕೆಯ ಅಂಚನ್ನು ಎರಡು ಬೆರಳಲ್ಲಿ ಎತ್ತಿ ಹೊಲಿಗೆಯನ್ನು ನೋಡಿದರು. ಸೊಸೆ ತಾನು ಹೊಲಿದದ್ದನ್ನು ಮೆಚ್ಚುತ್ತಿದ್ದಾರೆ ಅಂದುಕೊಂಡು, "ನಾನೇ ಹೊಲಿದಿದ್ದು" ಅಂದಳು. ಆಕೆ ಎದ್ದು ನಿಂತರು. ಸೊಂಟ ನೋವು, ನಿಂತರೇ ಆರಾಮ ಅಂದರು. ಕಾಫಿಯನ್ನು ನಿಂತುಕೊಂಡೇ ಕುಡಿದರು. ಕೇಸರಿಬಾತು ಮುಟ್ಟಲಿಲ್ಲ. ಗಂಡ ಇನ್ನೊಂದು ಬೋಂಡಕ್ಕೆ ಕೈ ಹಾಕಿದ್ದರು, ಅವರನ್ನೂ ಹುಡುಗನನ್ನೂ ಎಬ್ಬಿಸಿಕೊಂಡು ಹೊರಟುಬಿಟ್ಟರು. ಹಿತ್ತಿಲು ನೋಡುತ್ತೇವೆ ಅಂತ ಯಾರೂ ಕೇಳಲಿಲ್ಲ.

"ಜಂಭದ ಹೆಂಗ್ಸು," ಅಂದೆ ನಾನು. ಬೇಸಿನ್ನು ಹೊರಗೆಳೆದು ಉಳಿದ ಬೇರು ಹೆಚ್ಚಲು ಕೂತೆ.

ಮಾರನೇ ದಿನ ಸಂಜೆ ಮೊಮ್ಮಗಳು ಕೆಲಸದಿಂದ ಬಂದಳು. ಬ್ಯಾಗನ್ನು ಮೂಲೆಗೆ ಎಸೆದಳು. ಮುಖ ಊದಿಕೊಂಡಿತ್ತು.

"ಬೇಡ್ವಂತೆ," ಅಂದಳು. "ಅವ್ರಮ್ಮ ಬೇಡ ಅಂದ್ಬುಟ್ರಂತೆ."

"ಯಾಕಂತೆ?" ಅಂದ ಮಗ.

"ನಮ್ಮನೇಲಿ ತಿಗಣೆ ಇದ್ಯಂತೆ. ದಿವಾನದ ತುಂಬ ತಿಗಣೆಯಂತೆ. ಅಂಥ ಮನೆಯಿಂದ ಹಾಸಿಗೆ ಬಟ್ಟೆ ಗಂಟು ಕಟ್ಕೊಂಡು ಬರೋ ಹುಡುಗಿ ಬೇಡ ಅಂದ್ರಂತೆ."

ಸೊಸೆ ನನ್ನನ್ನು ನೋಡಿದಳು. ಮಗ ದಿವಾನವನ್ನು ನೋಡಿದ. ಆಮೇಲೆ ಅವನೂ ನನ್ನನ್ನು ನೋಡಿದ.

"ನನ್ನೇನ್ ನೋಡ್ತೀಯ? ಅದರ ಕೆಳಗೆ ತಳ್ಳಿದ್ದು ನಾನಾ?"

"ನೀನು ಹೆಚ್ಚದೆ ಇದ್ದಿದ್ರೆ ನಾನು ಯಾಕಮ್ಮ ತಳ್ತಿದ್ದೆ?"

"ಮನೇಲಿ ಇಷ್ಟು ಜಾಗ ಇದೆ, ಬೀಗರ ತಳಕ್ಕೇ ಇಡ್ಬೇಕಿತ್ತೇನೋ!"

ಹುಡುಗಿಗೆ ಅಳುವಿನ ನಡುವೆ ನಗು ಬಂತು, ನಕ್ಕಿದ್ದಕ್ಕೆ ಮತ್ತೆ ಸಿಟ್ಟು ಬಂತು. "ನಿಮಗೆಲ್ಲಾ ತಮಾಷೆ" ಅಂತ ಬಾಗಿಲು ಹಾಕಿಕೊಂಡಳು. ಸೊಸೆ ಫೋನ್ ಮಾಡಿ ಹೇಳೋಣ ಅಂದಳು. ಮಾಡಿದಳು ಕೂಡ. ಆ ಕಡೆಯವರು, ಪರವಾಗಿಲ್ಲ ಬಿಡಿ, ಎಲ್ಲರ ಮನೆಯಲ್ಲೂ ಏನಾದರೊಂದು ಇರುತ್ತದೆ ಅಂತ ಮರ್ಯಾದೆಯಿಂದ ಮಾತು ಮುಗಿಸಿದರಂತೆ. ತಿನ್ನುವ ಬೇರಿಗೆ ತಿಗಣೆ ವಾಸನೆ ಅಂದರೆ ಯಾರು ನಂಬುತ್ತಾರೆ? ಬಾಯಿಗೆ ಬಂದ ಸುಳ್ಳು ಅಂದುಕೊಂಡಿರಬೇಕು. ಫೋನಿನಲ್ಲಿ ಮಾತು ಹೋಗುತ್ತದೆ, ವಾಸನೆ ಹೋಗುವುದಿಲ್ಲ.

ಮರುದಿನ ಮೂವರೂ ಕೆಲಸದಲ್ಲಿದ್ದಾಗ ನಾನು ಹಳೆಯ ಭರಣಿಯಿಂದ ಒಂದು ಸ್ಟೀಲ್ ಡಬ್ಬಿಗೆ ಉಪ್ಪಿನಕಾಯಿ ತುಂಬಿಕೊಂಡೆ. ನೆನೆಸದೆ ಉಳಿಸಿದ್ದ ಒಂದು ಬೇರನ್ನು ಪೇಪರಿನಲ್ಲಿ ಸುತ್ತಿಕೊಂಡೆ. ಆಧಾರ್ ಕಾರ್ಡು ತೆಗೆದುಕೊಂಡು ಹೂಟಗಳ್ಳಿ ಬಸ್ಸು ಹತ್ತಿದೆ. ಹೆಂಗಸರಿಗೆ ಈಗ ಬಸ್ಸು ಬಿಟ್ಟಿ ತಾನೇ. ಒಂಟಿಕೊಪ್ಪಲ್ ದಾಟುವಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸು ಎದ್ದು ಸೀಟನ್ನು ಬಗ್ಗಿ ನೋಡಿ, ಹಿಂದಿನ ಸೀಟಿಗೆ ಹೋದಳು. ನಾನು ಆರಾಮಾಗಿ ಕಾಲು ಚಾಚಿಕೊಂಡೆ.

ಹುಡುಗನ ಮನೆ ಮಹಡಿಯ ಮೇಲೆ. ಮೊಮ್ಮಗಳು ಒಂದು ಸಲ ಬಸ್ಸಿನಿಂದ ತೋರಿಸಿದ್ದಳು. ಬೆಲ್ಲು ಒತ್ತಿದೆ. ತಾಯಿಯೇ ಬಾಗಿಲು ತೆಗೆದರು. ನನ್ನನ್ನು ಕಂಡು ಗಾಬರಿಯಾದರು.

"ಅಜ್ಜಿ, ನೀವೊಬ್ಬರೇ ಬಂದ್ರಾ? ಬನ್ನಿ, ಕೂತ್ಕೊಳ್ಳಿ."

"ಕೂರ್ತೀನಿ. ನನ್ನ ಸೀರೇಲಿ ಏನೂ ಇಲ್ಲ, ಹೆದರ್ಕೋಬೇಡಿ," ಅಂದೆ. ಡಬ್ಬಿ ಟೀಪಾಯಿ ಮೇಲಿಟ್ಟು ಮುಚ್ಚಳ ತೆಗೆದೆ. "ಮೂಸಿ ನೋಡ್ರಮ್ಮ."

ಅವರು ಬಗ್ಗಿದರು, ತಕ್ಷಣ ತಲೆ ಹಿಂದಕ್ಕೆ ಎಳೆದುಕೊಂಡರು. "ಅಯ್ಯೋ ದೇವರೇ! ಇದೇ ವಾಸನೆ ಮಾರಾಯ್ರೇ. ಎಂತದು ಇದು?"

ಬೇರು ತೋರಿಸಿದೆ. ಉಗುರಿನಿಂದ ಸಿಪ್ಪೆ ಕೆರೆದು ಮೂಗಿನ ಹತ್ತಿರ ಹಿಡಿದೆ. ಬೇಸಿನ್ನು ದಿವಾನದ ಕೆಳಗೆ ಹೇಗೆ ಹೋಯಿತು ಅಂತ ಹೇಳಿದೆ. ಒಂದು ಚೂರು ಬಾಯಿಗೆ ಹಾಕಿಕೊಂಡು ತೋರಿಸಿದೆ. ಅವರ ಯಜಮಾನರು ಒಳಗಿನಿಂದ ಬಂದು, ಕೇಳದೆಯೇ ತಾವೂ ಒಂದು ಚೂರು ಎತ್ತಿ ಬಾಯಿಗೆ ಹಾಕಿಕೊಂಡರು. "ಅಡ್ಡಿಲ್ಲ" ಅಂದರು. ಹುಡುಗ ಯಾರ ಹಾಗೆ ಅಂತ ನನಗೆ ಆಗ ಗೊತ್ತಾಯಿತು.

ಇಷ್ಟಕ್ಕೆ ಮುಗಿಯಿತು ಅಂದುಕೊಂಡಿದ್ದೆ. ಮುಗಿಯಲಿಲ್ಲ. ಆಕೆ ಡಬ್ಬಿಯ ಮುಚ್ಚಳ ಮುಚ್ಚಿ ನನ್ನ ಎದುರಿಗೆ ಕೂತರು.

"ಅಜ್ಜಿ, ನೀವು ಬೇಜಾರು ಮಾಡಬಾರದು," ಅಂದರು. "ಇದರ ವಾಸನೆ ತಿಗಣೆ ಹಾಗೆ ಉಂಟು, ಸರಿ. ಆದರೆ ಇದು ಉಂಟು ಅಂದ ಮಾತ್ರಕ್ಕೆ ತಿಗಣೆ ಇಲ್ಲ ಅಂತ ಆಗ್ತದಾ? ಎರಡೂ ಇರಬಹುದಲ್ವಾ? ಇದ್ದರೂ ನಿಮಗೆ ಗೊತ್ತೇ ಆಗ್ಲಿಕ್ಕಿಲ್ಲ, ನಿಮ್ಮ ಮೂಗಿಗೆ ರೂಢಿ ಆಗಿದೆ."

ಮಾತು ಸರಿಯಾಗಿಯೇ ಇತ್ತು. ನನಗೆ ಸಿಟ್ಟು ಬರಲಿಲ್ಲ, ಬುದ್ಧಿಯಿರುವ ಹೆಂಗಸು ಅನ್ನಿಸಿತು. ಆಮೇಲೆ ಅವರೇ ಹೇಳಿದರು. ಮದುವೆಯಾದ ಹೊಸತರಲ್ಲಿ ಬಾಡಿಗೆಯ ಕೋಣೆಯೊಂದರಲ್ಲಿ ಇದ್ದರಂತೆ. ಗೋಡೆ ಬಿರುಕಿನಲ್ಲೆಲ್ಲಾ ತಿಗಣೆ. ಮಗು ಹುಟ್ಟಿ ಇನ್ನೂ ಹಸುಗೂಸು, ಬೆನ್ನ ತುಂಬ ಕೆಂಪು ದದ್ದು, ರಾತ್ರಿಯಿಡೀ ಅಳು. ತಾಯಿಮನೆಯವರು ಕೊಟ್ಟಿದ್ದ ಹಾಸಿಗೆಯನ್ನು ಬೀದಿಯಲ್ಲಿಟ್ಟು ಸುಟ್ಟರಂತೆ.

"ಆ ವಾಸನೆ ಬಂದ ಕೂಡಲೇ ನಂಗೆ ಅದೇ ಕೋಣೆ ನೆನಪಾಯ್ತು," ಅಂದರು. "ಬೇರೆ ಎಂತದಕ್ಕೂ ನಾನು ಬೇಡ ಹೇಳಿದ್ದಲ್ಲ."

"ಇಲ್ಲ ಅಂತ ನಾನು ಆಣೆ ಇಟ್ರೆ ನಂಬ್ತೀರಾ? ನಂಬಬೇಡಿ. ಬಂದು ಹಾಸಿಗೆ ಮಗುಚಿ ನೋಡ್ಕೊಳ್ಳಿ," ಅಂದೆ. "ಇದ್ರೆ ಸಂಬಂಧ ಬೇಡ. ಇಲ್ದಿದ್ರೆ ಹುಡುಗಿನ ಅಳಿಸ್ಬೇಡಿ."

ಆಕೆ ಉತ್ತರ ಕೊಡುವ ಮೊದಲು ಯಜಮಾನರು ಬಾಯಿ ಹಾಕಿದರು. "ಅವರ ಮನೆ ಹಾಸಿಗೆ ಆಮೇಲೆ ನೋಡುವಾ. ನಿನ್ನ ಭರಣಿ ತೆಗೆದಾಗ ಕೆಳಗಿನ ಮನೆಯವರು ಎಂತ ಮಾಡಿದ್ದರು, ಅದನ್ನು ಹೇಳು ಅಜ್ಜಿಗೆ."

"ಸುಮ್ನಿರಿ ನೀವು!"

"ಚರಂಡಿ ಒಡೆದಿದೆ ಅಂತ ಪ್ಲಂಬರನ್ನು ಕರೆಸಿದ್ದು, ಅಜ್ಜಿ. ಅವನು ಪೈಪೆಲ್ಲಾ ಬಿಚ್ಚಿದ. ಇವಳು ಇಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದಳು."

ಆಕೆಯ ಮುಖ ಕೆಂಪಾಯಿತು, ಆಮೇಲೆ ನಗು ತಡೆಯಲಾಗಲಿಲ್ಲ. ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದರು. ಬಟ್ಟೆ ಒಗೆಯುವ ಜಾಗದಲ್ಲಿ, ಮೆಷೀನಿನ ಹಿಂದೆ, ಎರಡು ಬಟ್ಟೆ ಕಟ್ಟಿದ ದೊಡ್ಡ ಭರಣಿ. ಹಲಸಿನಕಾಯಿಯ ತೊಳೆಯನ್ನು ಉಪ್ಪಿನಲ್ಲಿ ಹಾಕಿಟ್ಟಿದ್ದರು. ಅವರ ಕಡೆ ಮಳೆಗಾಲಕ್ಕೆ ಹಾಗೆ ಇಡುತ್ತಾರಂತೆ, ಉಪ್ಪಿನ ಸೊಳೆ ಅನ್ನುತ್ತಾರಂತೆ. ಊರಿಂದ ತರಿಸಿ, ಗಂಡ ಮಗ ಬಿಟ್ಟು ಯಾರಿಗೂ ಗೊತ್ತಾಗದ ಹಾಗೆ ಬಾಗಿಲು ಕಿಟಕಿ ಮುಚ್ಚಿಕೊಂಡು ಪಲ್ಯ ಮಾಡುತ್ತಿದ್ದರಂತೆ. ಬಟ್ಟೆ ಬಿಚ್ಚಿದರು. ನಾನು ಬಹಳ ವಾಸನೆ ಕಂಡವಳು. ಇದು ನನ್ನನ್ನೂ ಒಂದು ಹೆಜ್ಜೆ ಹಿಂದಕ್ಕೆ ತಳ್ಳಿತು.

"ಪಾಪ, ಪ್ಲಂಬರ್‌ದು ಏನೂ ತಪ್ಪಿಲ್ಲ ಕಣ್ರೀ," ಅಂದೆ.

ಆಕೆ ಗೋಡೆ ಹಿಡಿದುಕೊಂಡು ನಕ್ಕರು. ತೊಳೆದು ಉಪ್ಪು ಬಿಡಿಸಿ, ತೆಂಗಿನಕಾಯಿ ಮೆಣಸು ಹಾಕಿ ಪಲ್ಯ ಮಾಡಿ ನನಗೆ ಬಡಿಸಿದರು. ವಾಸನೆ ಒಲೆಯ ಮೇಲೆ ಹೋಗಿಬಿಟ್ಟಿತ್ತು. ಮೆತ್ತಗೆ, ಸ್ವಲ್ಪ ಹುಳಿ, ಅಗಿದರೆ ಮಾಂಸದ ಹಾಗೆ ಬಾಯಿ ತುಂಬುತ್ತಿತ್ತು. ಉಪ್ಪು ಜಾಸ್ತಿ ಅಂದೆ. ಜಾಸ್ತಿ ಇತ್ತು, ಅದಕ್ಕೆ ಅಂದೆ. ಇನ್ನೊಂದು ಸಲ ಹಾಕಿಸಿಕೊಂಡೂ ತಿಂದೆ. ನನ್ನ ಉಪ್ಪಿನಕಾಯಿಯನ್ನು ಅವರು ಮಾತ್ರ ಮುಟ್ಟಲಿಲ್ಲ. ಮೂಗು ಮುಚ್ಚಿದರೂ ಆಗುವುದಿಲ್ಲ ಅಂದರು. ಒತ್ತಾಯ ಮಾಡಲಿಲ್ಲ. ಡಬ್ಬಿಯನ್ನು ಯಜಮಾನರು ತೆಗೆದಿಟ್ಟುಕೊಂಡರು.

ಇಷ್ಟೆಲ್ಲಾ ಆದರೂ, ಸಂಬಂಧದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬಾಗಿಲ ಹತ್ತಿರ ಮಾತ್ರ, "ನೋಡ್ಲಿಕ್ಕೆ ಬರ್ತೇನೆ ಅಜ್ಜಿ. ಸುಮ್ಮನೆ ಹೇಳಿದ್ದಲ್ಲ, ನಿಜವಾಗಿ ಬರ್ತೇನೆ" ಅಂದರು.

"ನಾನೂ ಸುಮ್ನೆ ಕರೆದಿದ್ದಲ್ಲ," ಅಂದೆ.

ಮನೆಗೆ ಬಂದು ಹೇಳಿದರೆ ಮಗ ತಲೆ ಮೇಲೆ ಕೈ ಹೊತ್ತ. ಬೀಗರು ಬಂದು ಹಾಸಿಗೆ ಮಗುಚುವುದು ಅಂದರೆ ಎಂಥ ಅವಮಾನ ಅಂದ. ಸೊಸೆ ಹೊಸ ಹಾಸಿಗೆ ತಂದುಬಿಡೋಣ ಅಂದಳು. "ಏನೂ ತರ್ಬೇಡಿ. ಒಂದು ದಿಂಬೂ ಬಿಸಿಲಿಗೆ ಹಾಕ್ಬೇಡಿ. ಇದ್ದಂಗೇ ಇರ್ಲಿ," ಅಂದೆ. ಮೊಮ್ಮಗಳು ಆಗಲೇ ಒಳಗೆ ಹೋಗಿದ್ದಳು. ತನ್ನ ಹಾಸಿಗೆಯ ಅಂಚನ್ನು ತಾನೇ ಎತ್ತಿ ನೋಡುತ್ತಿದ್ದಳು. ನಿಜ ಹೇಳಬೇಕೆಂದರೆ ನನಗೂ ಒಳಗೆ ಸ್ವಲ್ಪ ಅನುಮಾನವಿತ್ತು. ಹಳೆಯ ಮನೆ, ಗೋಡೆಯಲ್ಲಿ ಬಿರುಕಿಗೇನು ಬರ.

ವಾರ ಕಳೆಯುವುದರೊಳಗೆ ಆಕೆ ಬಂದರು. ಹುಡುಗನೂ ಬಂದಿದ್ದ, ನಾಚಿಕೆಯಿಂದ ಬೀದಿಯಲ್ಲೇ ಸ್ಕೂಟರ್ ಹತ್ತಿರ ನಿಂತಿದ್ದ. ಆಕೆ ಕಾಫಿ ಆಮೇಲೆ ಅಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಬೈಲಿನ ಲೈಟು ಹಾಕಿಕೊಂಡು ಶುರು ಮಾಡಿದರು. ದಿವಾನದ ಹೊದಿಕೆ ತೆಗೆದು, ಹಾಸಿಗೆಯ ಹೊಲಿಗೆಯ ಉದ್ದಕ್ಕೂ ಬೆರಳು ಎಳೆದರು. ಮಂಚದ ಕೀಲುಗಳೊಳಗೆ ಸೊಸೆಯ ಹೊಲಿಗೆ ಸೂಜಿ ಇಸಕೊಂಡು ಚುಚ್ಚಿ ನೋಡಿದರು. ಗೋಡೆಯ ಬಿರುಕು, ಕ್ಯಾಲೆಂಡರಿನ ಹಿಂದೆ, ಕುರ್ಚಿಯ ಬೆತ್ತದ ಸಂದಿ. ನನ್ನ ಹಳೆಯ ಹತ್ತಿ ಹಾಸಿಗೆಯನ್ನು ನಾನೂ ಅವರೂ ಸೇರಿ ಮಗುಚಿದೆವು. ಮಗ ನೋಡಲಾಗದೆ ಹಿತ್ತಿಲಿಗೆ ಹೋದ. ನನಗೆ ಇದರಲ್ಲಿ ಅವಮಾನ ಕಾಣಲಿಲ್ಲ. ಮಗನಿಗೆ ಒಂದು ಮನೆಯ ಸಂಬಂಧ ಬೆಳೆಸುವಾಗ ನಾನಾಗಿದ್ದರೂ ನೋಡುತ್ತಿದ್ದೆ. ಬಾಯಲ್ಲಿ ನಯವಾಗಿ ಮಾತಾಡಿ ಮನಸ್ಸಿನಲ್ಲಿ ತಿಗಣೆ ಇಟ್ಟುಕೊಂಡು ಬೀಗರಾಗುವುದಕ್ಕಿಂತ ಇದು ವಾಸಿ.

ಕೊನೆಗೆ ಮೊಮ್ಮಗಳ ಹಾಸಿಗೆ. ಹುಡುಗಿ ಗೋಡೆಗೆ ಒರಗಿ ನಿಂತಿದ್ದಳು. ಆಕೆ ನಾಲ್ಕು ಮೂಲೆ ನೋಡಿದರು, ಕೆಳಗಿನ ಹಲಗೆ ನೋಡಿದರು, ದಿಂಬಿನ ಚೀಲ ಬಿಚ್ಚಿ ಒಳಗನ್ನು ಹೊರಗೆ ಮಾಡಿದರು. ಲೈಟು ಆರಿಸಿದರು. ಸೆರಗು ಬಿಟ್ಟು ಮುಖ ಒರೆಸಿಕೊಂಡರು.

"ಎಂತದೂ ಇಲ್ಲ," ಅಂದರು. ಆಮೇಲೆ ಮೊಮ್ಮಗಳ ಕಡೆ ತಿರುಗಿ, "ನಾನು ಹೀಗೇ, ಮಗಾ. ಸಂಶಯ ಬಂದ್ರೆ ಕೇಳ್ತೇನೆ, ಮಗುಚಿ ನೋಡ್ತೇನೆ. ನಿಂಗೆ ಆಗ್ತದಾ ನನ್ನೊಟ್ಟಿಗೆ?"

"ಅಜ್ಜಿ ಜೊತೆ ಬೆಳೆದಿದೀನಿ ಆಂಟಿ," ಅಂದಳು ಅವಳು. "ಆಗತ್ತೆ."

ಆಕೆ ನನ್ನನ್ನು ನೋಡಿದರು. "ಹಾಗಾದ್ರೆ ದಿನ ನೋಡಿಸುವ."

ಸೊಸೆ ಕಣ್ಣೊರೆಸಿಕೊಳ್ಳಲು ಶುರು ಮಾಡಿದಳು. ಅಳುವುದು ಆಮೇಲೆ ಇರಲಿ, ಮೊದಲು ಈ ಹಾಸಿಗೆಗಳನ್ನು ಹಾಕಿ, ಕಾಲಿಡಲು ಜಾಗವಿಲ್ಲ ಅಂದೆ. ಬೀದಿಯಲ್ಲಿ ನಿಂತಿದ್ದ ಹುಡುಗನನ್ನು ಒಳಗೆ ಕರೆದು, ಅವನ ಕೈಯಲ್ಲೇ ಎಲ್ಲವನ್ನೂ ಎತ್ತಿಸಿ ಹಾಕಿಸಿದೆವು.